ರೋಡ್ ಬೈಕ್ ಚೌಕಟ್ಟಿನ ವಸ್ತುಗಳು

ರೋಡ್ ಬೈಕ್ ಎಂಬುದು ಡಾಂಬರು ರಸ್ತೆಯ ಮೇಲೆ ವೇಗವಾಗಿ ಹಾಗೂ ದೀರ್ಘ ದೂರ ಸಾಗಲು ರೂಪಿಸಲಾದ ಸೈಕಲ್ ಆಗಿದೆ. ಬಾಗಿದ ಹ್ಯಾಂಡಲ್, ಕಿರಿದಾದ ಟೈರುಗಳು ಮತ್ತು ಹಗುರವಾದ ಚೌಕಟ್ಟು ಇದರ ಲಕ್ಷಣಗಳು. ಫ್ರೇಮ್ ಎಂದು ಕರೆಯಲಾಗುವ ಈ ಚೌಕಟ್ಟನ್ನು ಇಂದು ಮುಖ್ಯವಾಗಿ ನಾಲ್ಕು ವಸ್ತುಗಳಿಂದ ತಯಾರಿಸಲಾಗುತ್ತದೆ: ಉಕ್ಕು, ಅಲ್ಯೂಮಿನಿಯಂ ಮಿಶ್ರಲೋಹ, ಟೈಟಾನಿಯಂ ಮಿಶ್ರಲೋಹ ಮತ್ತು ಕಾರ್ಬನ್ ಫೈಬರ್. ಸ್ಪರ್ಧಾಳುಗಳಿಗೆ ತೂಕ ಮತ್ತು ವೇಗ ಮುಖ್ಯವಾದರೆ, ಒಂದೇ ಸೈಕಲ್ಲನ್ನು ಹಲವು ವರ್ಷ ಬಳಸುವ ಹವ್ಯಾಸಿ ಸವಾರರಿಗೆ ಬೆಲೆ, ಬಾಳಿಕೆ, ಬಿದ್ದ ನಂತರದ ಸುರಕ್ಷತೆ ಮತ್ತು ದುರಸ್ತಿಯ ಸಾಧ್ಯತೆಗಳೂ ಅಷ್ಟೇ ಮುಖ್ಯವಾಗುತ್ತವೆ.

ಚೌಕಟ್ಟಿನ ರಚನೆ

ಹೆಚ್ಚಿನ ರೋಡ್ ಬೈಕ್‌ಗಳ ಚೌಕಟ್ಟು ವಜ್ರಾಕೃತಿಯದ್ದು. ಮುಂಭಾಗದಲ್ಲಿ ಟಾಪ್ ಟ್ಯೂಬ್, ಡೌನ್ ಟ್ಯೂಬ್ ಮತ್ತು ಸೀಟ್ ಟ್ಯೂಬ್ ಸೇರಿ ಒಂದು ತ್ರಿಕೋನವಾಗುತ್ತದೆ. ಇದರ ಮುಂದಿನ ತುದಿಯಲ್ಲಿ ಚಿಕ್ಕ ಹೆಡ್ ಟ್ಯೂಬ್ ಇರುತ್ತದೆ. ಹಿಂಭಾಗದಲ್ಲಿ ಸೀಟ್ ಟ್ಯೂಬಿನೊಡನೆ ಚೈನ್ ಸ್ಟೇ ಮತ್ತು ಸೀಟ್ ಸ್ಟೇಗಳು ಸೇರಿ ಇನ್ನೊಂದು ತ್ರಿಕೋನವಾಗುತ್ತದೆ. ಪೆಡಲ್ ಅಚ್ಚು ಕೂರುವ ಭಾಗವನ್ನು ಬಾಟಮ್ ಬ್ರಾಕೆಟ್ ಎನ್ನುತ್ತಾರೆ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಪ್ರತ್ಯೇಕ ಭಾಗವಾಗಿದ್ದು, ಅದರ ವಸ್ತು ಚೌಕಟ್ಟಿನ ವಸ್ತುವಿಗಿಂತ ಭಿನ್ನವಾಗಿರಬಹುದು. ಅಲ್ಯೂಮಿನಿಯಂ ಚೌಕಟ್ಟಿಗೆ ಕಾರ್ಬನ್ ಫೋರ್ಕ್ ಜೋಡಿಸುವುದು ಇಂದು ಸಾಮಾನ್ಯ.

ಇತಿಹಾಸ

ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ ರೋವರ್ ಸೇಫ್ಟಿ ಸೈಕಲ್ಲಿನ ನಂತರ ವಜ್ರಾಕೃತಿಯ ಚೌಕಟ್ಟು ರೂಢಿಗೆ ಬಂದಿತು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆಯು 1897ರಲ್ಲಿ, ತುದಿಗಳಲ್ಲಿ ದಪ್ಪನಾಗಿಯೂ ನಡುವೆ ತೆಳುವಾಗಿಯೂ ಇರುವ ಉಕ್ಕಿನ ಕೊಳವೆಗೆ ಹಕ್ಕುಸ್ವಾಮ್ಯ ಪಡೆಯಿತು. ಬೆಸುಗೆ ಹಾಕುವ ತುದಿಗಳಲ್ಲಿ ಬಲವನ್ನು ಉಳಿಸಿಕೊಂಡು, ಒತ್ತಡ ಕಡಿಮೆಯಿರುವ ನಡುಭಾಗದಲ್ಲಿ ತೂಕ ಇಳಿಸುವುದು ಇದರ ಉದ್ದೇಶವಾಗಿತ್ತು. ಇಂತಹ ಕೊಳವೆಗಳನ್ನು ಬಟೆಡ್ ಟ್ಯೂಬ್ ಎನ್ನುತ್ತಾರೆ. ಇದೇ ಸಂಸ್ಥೆ 1935ರಲ್ಲಿ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ ರೆನಾಲ್ಡ್ಸ್ 531 ಉಕ್ಕನ್ನು ಪರಿಚಯಿಸಿತು. ಈ ಕೊಳವೆಗಳು ಮತ್ತು ಇಟಲಿಯ ಕೊಲಂಬಸ್ ಕೊಳವೆಗಳು ದಶಕಗಳ ಕಾಲ ಸ್ಪರ್ಧಾ ಸೈಕಲ್‌ಗಳಲ್ಲಿ ಬಳಕೆಯಲ್ಲಿದ್ದವು.

1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕ್ಲೈನ್ ದೊಡ್ಡ ವ್ಯಾಸದ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟುಗಳನ್ನು ತಯಾರಿಸಿದರು. 1983ರಲ್ಲಿ ಕ್ಯಾನನ್‌ಡೇಲ್ ಸಂಸ್ಥೆಯೂ ಇಂತಹ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. 1986ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಗ್ರೆಗ್ ಲೆಮಾಂಡ್ ಕಾರ್ಬನ್ ಚೌಕಟ್ಟಿನ ಸೈಕಲ್ಲಿನಲ್ಲಿ ಗೆದ್ದರು. 1998ರಲ್ಲಿ ಮಾರ್ಕೊ ಪಂಟಾನಿ ಅದೇ ಸ್ಪರ್ಧೆಯನ್ನು ಅಲ್ಯೂಮಿನಿಯಂ ಚೌಕಟ್ಟಿನ ಬಿಯಾಂಕಿ ಸೈಕಲ್ಲಿನಲ್ಲಿ ಗೆದ್ದರು. ಅನಂತರದ ವರ್ಷಗಳಲ್ಲಿ ವೃತ್ತಿಪರ ಸ್ಪರ್ಧೆಗಳು ಬಹುತೇಕ ಪೂರ್ಣವಾಗಿ ಕಾರ್ಬನ್ ಫೈಬರ್‌ನತ್ತ ತಿರುಗಿದವು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಲ್ಲಿ ಸ್ಪರ್ಧಾ ಸೈಕಲ್ಲಿನ ಕನಿಷ್ಠ ತೂಕವನ್ನು 6.8 ಕಿಲೋಗ್ರಾಂ ಎಂದು ನಿಗದಿಪಡಿಸಿತು.

ಭಾರತದಲ್ಲಿ ಬಹುಕಾಲ ಸೈಕಲ್ ಎಂದರೆ ಸಾಧಾರಣ ಉಕ್ಕಿನ ಭಾರವಾದ ರೋಡ್‌ಸ್ಟರ್ ಎಂದೇ ಅರ್ಥವಾಗಿತ್ತು. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊರುವ ಈ ಸೈಕಲ್‌ಗಳ ಉಕ್ಕಿಗೂ ರೋಡ್ ಬೈಕ್‌ಗಳಲ್ಲಿ ಬಳಸುವ ತೆಳು ಗೋಡೆಯ ಮಿಶ್ರಲೋಹದ ಉಕ್ಕಿಗೂ ಬಹಳ ವ್ಯತ್ಯಾಸವಿದೆ. ಆದ್ದರಿಂದ ಉಕ್ಕಿನ ಸೈಕಲ್ ಎಂದರೆ ಭಾರವಾದದ್ದೇ ಎಂಬ ಭಾವನೆ ಪೂರ್ತಿ ಸರಿಯಲ್ಲ.

ವಸ್ತುಗಳ ಗುಣಧರ್ಮಗಳು

ಚೌಕಟ್ಟಿನ ವಸ್ತುವನ್ನು ಅಳೆಯಲು ಮೂರು ಗುಣಗಳನ್ನು ಮುಖ್ಯವಾಗಿ ಗಮನಿಸಲಾಗುತ್ತದೆ. ಪ್ರತಿ ಘನ ಸೆಂಟಿಮೀಟರಿಗೆ ಇರುವ ತೂಕ ಸಾಂದ್ರತೆ. ಹೊರೆ ಬಿದ್ದಾಗ ಬಾಗದೆ ನಿಲ್ಲುವ ಗುಣ ಬಿಗುತನ. ಮುರಿಯದೆ ಅಥವಾ ಶಾಶ್ವತವಾಗಿ ಡೊಂಕಾಗದೆ ತಡೆದುಕೊಳ್ಳುವ ಗುಣ ಬಲ. ಬಿಗುತನ ಮತ್ತು ಬಲ ಒಂದೇ ಅಲ್ಲ.

ಉಕ್ಕಿನ ಸಾಂದ್ರತೆ ಸುಮಾರು 7.85 ಗ್ರಾಂ, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 4.5 ಗ್ರಾಂ, ಅಲ್ಯೂಮಿನಿಯಂ ಮಿಶ್ರಲೋಹದ್ದು ಸುಮಾರು 2.7 ಗ್ರಾಂ. ಇವುಗಳ ಸ್ಥಿತಿಸ್ಥಾಪಕ ಗುಣಾಂಕ ಕ್ರಮವಾಗಿ ಸುಮಾರು 200, 105 ಮತ್ತು 70 ಗಿಗಾಪಾಸ್ಕಲ್. ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಮೂರೂ ಲೋಹಗಳಿಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ. ಎಂದರೆ ತೂಕಕ್ಕೆ ಹೋಲಿಸಿದ ಬಿಗುತನದಲ್ಲಿ ಈ ಲೋಹಗಳ ನಡುವೆ ದೊಡ್ಡ ಅಂತರವಿಲ್ಲ. ವ್ಯತ್ಯಾಸವನ್ನು ತರುವುದು ಕೊಳವೆಯ ಆಕಾರ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸವನ್ನು ಎರಡು ಪಟ್ಟು ಮಾಡಿದರೆ, ತೂಕ ಎರಡು ಪಟ್ಟಾಗುತ್ತದೆ, ಬಿಗುತನ ಸುಮಾರು ಎಂಟು ಪಟ್ಟಾಗುತ್ತದೆ. ಹಗುರವಾದ ಅಲ್ಯೂಮಿನಿಯಂನಿಂದ ದಪ್ಪ ಕೊಳವೆಗಳನ್ನು ಮಾಡಲು ಇದೇ ಕಾರಣ. ಉಕ್ಕಿನ ಕೊಳವೆಯನ್ನು ಅಷ್ಟೇ ಅಗಲ ಮಾಡಿ ತೂಕ ತಗ್ಗಿಸಬೇಕಾದರೆ ಗೋಡೆ ತೀರಾ ತೆಳುವಾಗಿ, ಸಣ್ಣ ಪೆಟ್ಟಿಗೂ ನಗ್ಗಿಹೋಗುತ್ತದೆ.

ಉಕ್ಕು

ರೋಡ್ ಬೈಕ್‌ಗಳಲ್ಲಿ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ, ಕ್ರೋಮೊಲಿ ಎಂದು ಕರೆಯಲಾಗುವ ಉಕ್ಕು ಹೆಚ್ಚು ಬಳಕೆಯಲ್ಲಿದೆ. ಉತ್ತಮ ದರ್ಜೆಯ ಚೌಕಟ್ಟು ಸಾಮಾನ್ಯವಾಗಿ 1.8ರಿಂದ 2.2 ಕಿಲೋಗ್ರಾಂ ತೂಗುತ್ತದೆ. ಉಕ್ಕಿಗೆ ದಣಿವಿನ ಮಿತಿ ಎಂಬ ಗುಣವಿದೆ: ಒಂದು ಮಟ್ಟಕ್ಕಿಂತ ಕಡಿಮೆ ಒತ್ತಡ ಎಷ್ಟು ಬಾರಿ ಬಿದ್ದರೂ ಲೋಹದಲ್ಲಿ ಬಿರುಕು ಹುಟ್ಟುವುದಿಲ್ಲ. ಅತಿಯಾದ ಹೊರೆ ಬಿದ್ದಾಗ ಉಕ್ಕು ಥಟ್ಟನೆ ತುಂಡಾಗುವ ಬದಲು ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಸವಾರನಿಗೆ ಮುನ್ಸೂಚನೆ ದೊರೆಯುತ್ತದೆ.

ತುಕ್ಕು ಉಕ್ಕಿನ ಪ್ರಮುಖ ಶತ್ರು. ಮಂಗಳೂರು, ಕಾರವಾರದಂತಹ ಕರಾವಳಿ ಊರುಗಳ ಉಪ್ಪು ಬೆರೆತ ತೇವದ ಗಾಳಿಯಲ್ಲಿ ಕೊಳವೆಯ ಒಳಭಾಗವೂ ತುಕ್ಕು ಹಿಡಿಯಬಹುದು. ಒಳಗೆ ತುಕ್ಕುನಿರೋಧಕ ಎಣ್ಣೆ ಸಿಂಪಡಿಸುವುದು, ಬಾಟಮ್ ಬ್ರಾಕೆಟ್‌ನ ತಳದ ನೀರಿಳಿಯುವ ರಂಧ್ರವನ್ನು ತೆರೆದಿಡುವುದು ಇದಕ್ಕೆ ಪರಿಹಾರ. ಉಕ್ಕಿನ ಚೌಕಟ್ಟನ್ನು ದುರಸ್ತಿ ಮಾಡಬಹುದು. ಆದರೆ ನಡುವೆ 0.5 ಮಿಲಿಮೀಟರಿನಷ್ಟೇ ದಪ್ಪವಿರುವ ಕೊಳವೆಗಳಿಗೆ ಗೇಟು, ಕಿಟಕಿ ಬೆಸೆಯುವ ಸಾಮಾನ್ಯ ಆರ್ಕ್ ವೆಲ್ಡಿಂಗ್ ತಕ್ಕುದಲ್ಲ. ತೆಳು ಕೊಳವೆಯ ಅನುಭವವಿರುವ ಕುಶಲಕರ್ಮಿಯೇ ಬೇಕಾಗುತ್ತದೆ.

ಅಲ್ಯೂಮಿನಿಯಂ

6061 ಮತ್ತು 7005 ಎಂಬ ಮಿಶ್ರಲೋಹಗಳು ಹೆಚ್ಚು ಪ್ರಚಲಿತ. ಚೌಕಟ್ಟಿನ ತೂಕ ಸಾಮಾನ್ಯವಾಗಿ 1.2ರಿಂದ 1.6 ಕಿಲೋಗ್ರಾಂ ಇರುತ್ತದೆ. ಕಡಿಮೆ ವೆಚ್ಚದಲ್ಲಿ ಹಗುರವಾದ, ಉಕ್ಕಿನಂತೆ ತುಕ್ಕು ಹಿಡಿಯದ ಚೌಕಟ್ಟು ದೊರೆಯುವುದರಿಂದ ಆರಂಭಿಕ ಹಂತದ ರೋಡ್ ಬೈಕ್‌ಗಳು ಬಹುತೇಕ ಅಲ್ಯೂಮಿನಿಯಂನವೇ ಆಗಿವೆ.

ಅಲ್ಯೂಮಿನಿಯಂಗೆ ಉಕ್ಕಿನಂತೆ ಸ್ಪಷ್ಟ ದಣಿವಿನ ಮಿತಿ ಇಲ್ಲ. ಸಣ್ಣ ಒತ್ತಡಗಳೂ ಕೋಟ್ಯಂತರ ಬಾರಿ ಬಿದ್ದಾಗ ಕ್ರಮೇಣ ಬಿರುಕಿಗೆ ಕಾರಣವಾಗಬಲ್ಲವು. ಇದನ್ನು ಅರಿತೇ ತಯಾರಕರು ಕೊಳವೆಗಳನ್ನು ಬಿಗುವಾಗಿ ರೂಪಿಸಿ, ಪ್ರತಿ ಬಾರಿಯ ಬಾಗುವಿಕೆಯನ್ನು ಕಡಿಮೆ ಮಾಡುತ್ತಾರೆ. ಆದ್ದರಿಂದ ಸರಿಯಾಗಿ ತಯಾರಿಸಿದ ಚೌಕಟ್ಟು ಹವ್ಯಾಸಿ ಬಳಕೆಯಲ್ಲಿ ಹಲವು ವರ್ಷ ಬಾಳುತ್ತದೆ. ಬೆಸುಗೆಯ ನಂತರ 6061 ಚೌಕಟ್ಟಿಗೆ ಕುಲುಮೆಯಲ್ಲಿ ಉಷ್ಣೋಪಚಾರ ಮಾಡಿದರೆ ಮಾತ್ರ ಅದರ ಬಲ ಮರಳುತ್ತದೆ. ಈ ಕಾರಣದಿಂದ ಬಿರುಕುಬಿಟ್ಟ ಅಲ್ಯೂಮಿನಿಯಂ ಚೌಕಟ್ಟನ್ನು ಬೆಸೆದು ಬಳಸುವುದು ಅಪಾಯಕರ. ಅದನ್ನು ಬದಲಾಯಿಸುವುದೇ ರೂಢಿ.

ಟೈಟಾನಿಯಂ

3 ಶೇಕಡಾ ಅಲ್ಯೂಮಿನಿಯಂ ಮತ್ತು 2.5 ಶೇಕಡಾ ವನೇಡಿಯಂ ಬೆರೆತ ಟೈಟಾನಿಯಂ ಮಿಶ್ರಲೋಹ ಸೈಕಲ್ ಕೊಳವೆಗಳಿಗೆ ಹೆಚ್ಚು ಬಳಕೆಯಾಗುತ್ತದೆ. ಇದು ತುಕ್ಕು ಹಿಡಿಯುವುದಿಲ್ಲ, ಬಣ್ಣದ ಲೇಪನವೂ ಬೇಕಾಗುವುದಿಲ್ಲ. ದಣಿವನ್ನು ತಡೆದುಕೊಳ್ಳುವ ಗುಣವೂ ಉತ್ತಮವಾಗಿದೆ. ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ ಮತ್ತು ಸಾರಜನಕವನ್ನು ಹೀರಿಕೊಂಡು ಪೆಡಸಾಗುವುದರಿಂದ ಬೆಸುಗೆಯನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡಬೇಕಾಗುತ್ತದೆ. ದುಬಾರಿ ಕಚ್ಚಾವಸ್ತು ಮತ್ತು ಈ ಶ್ರಮದಿಂದಾಗಿ ಬೆಲೆ ಹೆಚ್ಚು. ಬೆಸುಗೆಯಲ್ಲಿ ದೋಷವಿದ್ದರೆ ಟೈಟಾನಿಯಂ ಚೌಕಟ್ಟೂ ಬಿರುಕು ಬಿಡುತ್ತದೆ.

ಕಾರ್ಬನ್ ಫೈಬರ್

ಕಾರ್ಬನ್ ಫೈಬರ್ ಚೌಕಟ್ಟು ಇಂಗಾಲದ ನೂಲೆಳೆಗಳು ಮತ್ತು ಎಪಾಕ್ಸಿ ರಾಳ ಸೇರಿದ ಸಂಯುಕ್ತ ವಸ್ತುವಿನಿಂದ ಆಗಿದೆ. ರಾಳ ಸವರಿದ ಹಾಳೆಗಳನ್ನು ಅಚ್ಚಿನಲ್ಲಿ ಪದರ ಪದರವಾಗಿ ಜೋಡಿಸಿ, ಶಾಖ ಮತ್ತು ಒತ್ತಡದಿಂದ ಗಟ್ಟಿಗೊಳಿಸಲಾಗುತ್ತದೆ. ಸಾಂದ್ರತೆ ಸುಮಾರು 1.6 ಗ್ರಾಂ ಮಾತ್ರ. ಲೋಹದ ಗುಣ ಎಲ್ಲ ದಿಕ್ಕಿನಲ್ಲೂ ಒಂದೇ ಆಗಿದ್ದರೆ, ಕಾರ್ಬನ್ ಫೈಬರ್‌ನಲ್ಲಿ ಎಳೆಗಳು ಸಾಗುವ ದಿಕ್ಕಿನಲ್ಲಿ ಬಲ ಹೆಚ್ಚು. ಎಳೆಗಳ ದಿಕ್ಕು ಮತ್ತು ಪದರಗಳ ಸಂಖ್ಯೆಯನ್ನು ಬದಲಿಸಿ, ಬೇಕಾದ ಕಡೆ ಮಾತ್ರ ಬಿಗುತನ ನೀಡಲು ಇದರಿಂದ ಸಾಧ್ಯವಾಗುತ್ತದೆ. ಚೌಕಟ್ಟಿನ ತೂಕ ಸಾಮಾನ್ಯವಾಗಿ 0.8ರಿಂದ 1.2 ಕಿಲೋಗ್ರಾಂ. ತಯಾರಿಕೆ ಹೆಚ್ಚಾಗಿ ತೈವಾನ್ ಮತ್ತು ಚೀನಾಗಳಲ್ಲಿ ನಡೆಯುತ್ತದೆ.

ಸವಾರಿಯ ಹೊರೆಯನ್ನು ಚೆನ್ನಾಗಿ ತಡೆದುಕೊಳ್ಳುವ ಈ ವಸ್ತು, ಅಡ್ಡಲಾಗಿ ಬೀಳುವ ಪೆಟ್ಟಿಗೆ ಮತ್ತು ಅತಿಯಾಗಿ ಬಿಗಿಮಾಡುವುದಕ್ಕೆ ಸೂಕ್ಷ್ಮವಾಗಿದೆ. ಬಿದ್ದಾಗ ಹ್ಯಾಂಡಲ್ ತಿರುಗಿ ಟಾಪ್ ಟ್ಯೂಬಿಗೆ ಬಡಿದರೆ, ಹೊರಗೆ ಸಣ್ಣ ಗೀರು ಕಂಡರೂ ಒಳಗೆ ಪದರಗಳು ಬೇರ್ಪಟ್ಟಿರಬಹುದು. ಹಾನಿಗೊಂಡ ಕಾರ್ಬನ್ ಭಾಗ ಮುನ್ಸೂಚನೆಯಿಲ್ಲದೆ ಮುರಿಯುವ ಸಂಭವವಿದೆ. ಫೋರ್ಕಿನ ಮೇಲ್ಭಾಗದ ಕೊಳವೆ ಇಳಿಜಾರಿನಲ್ಲಿ ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ. ಆದ್ದರಿಂದ ಬೋಲ್ಟುಗಳನ್ನು ಟಾರ್ಕ್ ವ್ರೆಂಚ್ ಬಳಸಿ, ಆ ಭಾಗದ ಮೇಲೆ ಮುದ್ರಿಸಿರುವ ಮಿತಿಯಷ್ಟೇ ಬಿಗಿಮಾಡಬೇಕು. ದುರಸ್ತಿ ಸಾಧ್ಯವಿದ್ದರೂ ಅದು ಪರಿಣತರ ಕೆಲಸ.

ತೂಕದ ಪ್ರಭಾವ

ಏರು ರಸ್ತೆಯಲ್ಲಿ ಬೇಕಾದ ಶಕ್ತಿಯು ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕವನ್ನು ಅವಲಂಬಿಸಿದೆ. ಒಟ್ಟು ತೂಕ 80 ಕಿಲೋಗ್ರಾಂ ಇದ್ದಾಗ ಚೌಕಟ್ಟಿನಲ್ಲಿ 1 ಕಿಲೋಗ್ರಾಂ ಉಳಿಸಿದರೆ ಅದು 1.25 ಶೇಕಡಾ ಉಳಿತಾಯ. ಬೆಂಗಳೂರಿನ ಸೈಕಲ್ ಸವಾರರಿಗೆ ಪರಿಚಿತವಾದ ನಂದಿ ಬೆಟ್ಟದಂತಹ ಏರನ್ನು ಒಬ್ಬರು 30 ನಿಮಿಷದಲ್ಲಿ ಹತ್ತುವರೆಂದು ಭಾವಿಸಿದರೆ, ಉಳಿಯುವ ಸಮಯ ಹೆಚ್ಚೆಂದರೆ 20ರಿಂದ 25 ಸೆಕೆಂಡು. ಸಮತಟ್ಟಾದ ರಸ್ತೆಯಲ್ಲಿ ಮುಖ್ಯ ತಡೆ ಗಾಳಿಯದ್ದಾದ್ದರಿಂದ ಈ ವ್ಯತ್ಯಾಸ ಇನ್ನೂ ಕಡಿಮೆ. ಸ್ಪರ್ಧೆಯಲ್ಲಿ ಇಷ್ಟೂ ನಿರ್ಣಾಯಕವಾಗಬಹುದು, ಹವ್ಯಾಸಿಗೆ ಹಾಗಲ್ಲ.

ಸವಾರಿಯ ಹಿತ

ಉಕ್ಕು ಮೃದು, ಅಲ್ಯೂಮಿನಿಯಂ ಒರಟು ಎಂಬ ಮಾತು ಪ್ರಚಲಿತದಲ್ಲಿದೆ. ವಾಸ್ತವದಲ್ಲಿ ತ್ರಿಕೋನಗಳಿಂದಾದ ಚೌಕಟ್ಟು ಮೇಲಿನಿಂದ ಕೆಳಕ್ಕೆ ಬಾಗುವುದು ಬಹಳ ಅಲ್ಪ. ರಸ್ತೆಯ ಕುಲುಕಾಟವನ್ನು ಹೆಚ್ಚಾಗಿ ಹೀರುವುದು ಟೈರುಗಳು. ಅನಂತರ ಸೀಟು, ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಟೇಪ್. 23 ಮಿಲಿಮೀಟರಿನ ಟೈರನ್ನು ತೆಗೆದು 28 ಮಿಲಿಮೀಟರಿನ ಟೈರನ್ನು ಕಡಿಮೆ ಗಾಳಿಯೊತ್ತಡದಲ್ಲಿ ಬಳಸಿದರೆ ಆಗುವ ಬದಲಾವಣೆ, ಚೌಕಟ್ಟಿನ ವಸ್ತುವನ್ನು ಬದಲಿಸುವುದಕ್ಕಿಂತ ಹೆಚ್ಚಿನದು. ಆದ್ದರಿಂದ ಚೌಕಟ್ಟಿನಲ್ಲಿ ಎಷ್ಟು ಅಗಲದ ಟೈರಿಗೆ ಜಾಗವಿದೆ ಎಂಬುದು, ಅದರಲ್ಲಿಯೂ ಹೊಂಡಗಳಿರುವ ರಸ್ತೆಗಳಲ್ಲಿ, ಮುಖ್ಯ ಪ್ರಶ್ನೆ.

ಹವ್ಯಾಸಿ ಸವಾರರ ಆಯ್ಕೆ

ವಸ್ತುವಿಗಿಂತ ಮೊದಲು ನೋಡಬೇಕಾದುದು ಅಳತೆ. ಸವಾರನ ಎತ್ತರ, ಕಾಲಿನ ಉದ್ದ ಮತ್ತು ಕೈಚಾಚಿಗೆ ಹೊಂದದ ಚೌಕಟ್ಟು ಯಾವ ವಸ್ತುವಿನದಾದರೂ ಕುತ್ತಿಗೆ, ಸೊಂಟ ಮತ್ತು ಮಂಡಿ ನೋವಿಗೆ ಕಾರಣವಾಗಬಹುದು. ಒಂದೇ ಬೆಲೆಯಲ್ಲಿ ಕಾರ್ಬನ್ ಚೌಕಟ್ಟಿನ ಸೈಕಲ್ಲಿಗೆ ಕೆಳದರ್ಜೆಯ ಚಕ್ರ, ಬ್ರೇಕುಗಳಿದ್ದು, ಅಲ್ಯೂಮಿನಿಯಂ ಸೈಕಲ್ಲಿಗೆ ಉತ್ತಮ ಭಾಗಗಳಿರುವುದೂ ಉಂಟು.

ಸೀಮಿತ ಹಣದಲ್ಲಿ ಮೊದಲ ರೋಡ್ ಬೈಕ್ ಕೊಳ್ಳುವವರಿಗೆ ಕಾರ್ಬನ್ ಫೋರ್ಕ್ ಇರುವ ಅಲ್ಯೂಮಿನಿಯಂ ಚೌಕಟ್ಟು ಸಾಮಾನ್ಯವಾಗಿ ಸೂಕ್ತವೆನಿಸುತ್ತದೆ. 200 ಕಿಲೋಮೀಟರಿನಿಂದ ಆರಂಭವಾಗುವ ಬ್ರೆವೆ ಸವಾರಿ ಅಥವಾ ಸಾಮಾನು ಹೊತ್ತ ಪ್ರವಾಸವನ್ನು ಬಯಸುವವರಿಗೆ, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಜೋಡಿಸಬಹುದಾದ ಉಕ್ಕು ಅಥವಾ ಟೈಟಾನಿಯಂ ಅನುಕೂಲಕರ. ಬೆಟ್ಟ ಹತ್ತುವುದು ಮತ್ತು ಸ್ಪರ್ಧೆಗಳಲ್ಲಿ ಆಸಕ್ತಿಯಿದ್ದು, ಬಿದ್ದಾಗಲೆಲ್ಲ ಪರೀಕ್ಷೆ ಮಾಡಿಸಲು ಸಿದ್ಧರಿರುವವರಿಗೆ ಕಾರ್ಬನ್ ಒಪ್ಪುತ್ತದೆ.

ಬಳಸಿದ ಚೌಕಟ್ಟಿನ ಪರೀಕ್ಷೆ

ಬಳಸಿದ ಸೈಕಲ್ ಕೊಳ್ಳುವಾಗ ಚೌಕಟ್ಟನ್ನು ತೊಳೆದು ಬೆಳಕಿನಲ್ಲಿ ಪರೀಕ್ಷಿಸುವುದು ಅಗತ್ಯ. ಲೋಹದ ಚೌಕಟ್ಟಿನಲ್ಲಿ ಬೆಸುಗೆಯ ಅಂಚು, ಹೆಡ್ ಟ್ಯೂಬಿನ ಹಿಂಭಾಗ ಮತ್ತು ಬಾಟಮ್ ಬ್ರಾಕೆಟ್ ಸುತ್ತ ಕೂದಲೆಳೆಯಂತಹ ಬಿರುಕು, ಬಣ್ಣದ ಉಬ್ಬು ಅಥವಾ ಸುಕ್ಕು ಇದೆಯೇ ಎಂದು ನೋಡಬೇಕು. ಸೀಟ್ ಪೋಸ್ಟ್ ಸರಾಗವಾಗಿ ಮೇಲೆ ಕೆಳಗೆ ಸರಿಯಬೇಕು. ಭಿನ್ನ ವಸ್ತುಗಳ ನಡುವಿನ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅದು ಕಚ್ಚಿಕೊಂಡಿದ್ದರೆ ಬಿಡಿಸುವುದು ಕಷ್ಟ. ಕಾರ್ಬನ್ ಚೌಕಟ್ಟನ್ನು ನಾಣ್ಯದಿಂದ ಮೆಲ್ಲಗೆ ತಟ್ಟಿದಾಗ ಒಂದು ಕಡೆ ಮಾತ್ರ ಮಂದವಾದ ಸದ್ದು ಬಂದರೆ ಸಂಶಯಪಡಬೇಕು. ಸದ್ದು ಸರಿಯಿದ್ದ ಮಾತ್ರಕ್ಕೆ ಹಾನಿಯಿಲ್ಲ ಎಂದು ಹೇಳಲಾಗದು. ಅಲ್ಟ್ರಾಸೌಂಡ್ ಪರೀಕ್ಷೆ ಹೆಚ್ಚು ನಂಬಲರ್ಹ. ಬಿರುಕು ಖಚಿತವಾದ ಚೌಕಟ್ಟನ್ನು ಯಾವ ವಸ್ತುವಿನದಾದರೂ ದುರಸ್ತಿಯಾಗುವವರೆಗೆ ಬಳಸಬಾರದು.