ಯಾಪ್ಯಶಬ್ದವೂ ಶಿಶುಶುಶ್ರೂಷೆಯ ಉನ್ನತವಿದ್ಯೆಯೂ

ನಮ್ಮ ವೈದ್ಯಗ್ರಂಥಗಳಲ್ಲಿ ಬರುವ 'ಯಾಪ್ಯ' ಎಂಬ ಶಬ್ದವು ಈಗಿನ ಕನ್ನಡ ಬರವಣಿಗೆಯಿಂದ ಬಹುಮಟ್ಟಿಗೆ ಮರೆಯಾಗಿದೆ. 'ಕಾಲಯಾಪನೆ' ಮೊದಲಾದ ಮಾತುಗಳಲ್ಲಿ ಮಾತ್ರ ಅದರ ನಂಟು ಉಳಿದಿದೆ. ಚರಕನು ಸಾಧ್ಯವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯಗಳೆಂದೂ, ಅಸಾಧ್ಯಗಳನ್ನು ಯಾಪ್ಯ, ಅನುಪಕ್ರಮಗಳೆಂದೂ ವಿಭಾಗಿಸಿರುವನು. ಬೇರುಸಹಿತ ಹೋಗದಿದ್ದರೂ ಉಪಚಾರವು ನಡೆದಿರುವವರೆಗೆ ರೋಗಿಯನ್ನು ಬಾಳಗೊಡುವುದು ಯಾಪ್ಯ. ಬೀಳಲಿರುವ ಮನೆಗೆ ತಕ್ಕೆಡೆಯಲ್ಲಿ ಕೊಟ್ಟ ಆಸರೆಗಂಬಕ್ಕೆ ಸುಶ್ರುತನು ಈ ಚಿಕಿತ್ಸೆಯನ್ನು ಹೋಲಿಸಿರುವುದು ಅತ್ಯಂತ ಸಮುಚಿತವಾಗಿದೆ. ಕಂಬವನ್ನು ನಿಲ್ಲಿಸುವವನು ವೈದ್ಯನಷ್ಟೆ; ಅದು ಜಾರದಂತೆ ದಿನದಿನವೂ ಕಾಯುವವರಾರು?

ಇದು ಬರಿಯ ಶಬ್ದವಿಚಾರವಲ್ಲ. ಕೆಂಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಯ ಆಸ್ಪತ್ರೆಗೆ ಮಗುವನ್ನು ಕರೆತರುವ ತಾಯಿಯ ಪ್ರಶ್ನೆ ಒಂದೇ: "ನಮ್ಮ ಕೂಸಿಗಿ ಯಾವಾಗ ಆರಾಮ ಆಗ್ತದ್ರಿ?" ಎಳವೆಯ ಮಧುಮೇಹವಾದರೆ ಬಾಳಿನುದ್ದಕ್ಕೂ ಪ್ರತಿದಿನ ಇನ್ಸುಲಿನ್ ಬೇಕು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿದ್ದರೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿ, ಅದೂ ಅನೇಕ ವರ್ಷಗಳ ಕಾಲ. ತೀವ್ರವಾದ ಥಲಸ್ಸೀಮಿಯಾದಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪರರಕ್ತ. 'ವಾಸಿಯಾಗುವುದು' ಎಂದರೆ, ಮಗು ಆಡತೊಡಗಿದೊಡನೆ ಸೂಜಿ ನಿಲ್ಲುತ್ತದೆ. 'ಆಗದು' ಎಂದರೆ ಎದೆಗುಂದಿ ನಿಲ್ಲುತ್ತದೆ. ಇವೆರಡರ ನಡುವಣ ಸತ್ಯವನ್ನು ನುಡಿಯುವುದೇ ಇಲ್ಲಿ ಮುಖ್ಯವಾದ ಉಪಚಾರ. ನಾಲ್ವತ್ತು ಡಿಗ್ರಿಯನ್ನು ಮೀರುವ ನಮ್ಮ ಬೇಸಗೆಯಲ್ಲಿ, ಫ್ರಿಜ್ಜಿಲ್ಲದ ಮನೆಯಲ್ಲಿ, ಬಳಕೆಯಲ್ಲಿರುವ ಇನ್ಸುಲಿನ್ನನ್ನು ಒಂದರೊಳಗೊಂದಿಟ್ಟ ಮಣ್ಣಿನ ಗಡಿಗೆಗಳ ನಡುವೆ ತೊಯ್ದ ಮರಳು ತುಂಬಿ ತಂಪಾಗಿಡುವುದನ್ನು ಕಲಿಸುವುದೂ ಅದರ ಅಂಗವೇ.

ಪರಿಚಾರಕನಿಗೆ ಚರಕನು ಹೇಳಿದ ಗುಣಗಳು ನಾಲ್ಕು: ಉಪಚಾರಜ್ಞತೆ, ದಾಕ್ಷ್ಯ, ಭರ್ತೃವಿನಲ್ಲಿ ಅನುರಾಗ, ಶೌಚ. 'ಭರ್ತೃ' ಎಂದರೆ ಒಡೆಯ. ಆ ಕಾಲದ ಪರಿಚಾರಕನು ಆಳಾಗಿದ್ದನೆಂಬುದು ಈ ಒಂದು ಪದದಿಂದಲೇ ತಿಳಿಯುವುದು. ಪ್ರಾಚೀನರನ್ನು ಹೊಗಳುವ ಭರದಲ್ಲಿ ನಮ್ಮವರು ಇದನ್ನು ಮುಚ್ಚುವುದುಂಟು. ಈಗಿನ ಶುಶ್ರೂಷಕಿ ಆಳಲ್ಲ. ಬಿ.ಎಸ್‌ಸಿ. ಪದವಿಯನ್ನೂ ಒಂದು ವರ್ಷದ ಸೇವಾನುಭವವನ್ನೂ ಪಡೆದ ಬಳಿಕ ಎರಡು ವರ್ಷಗಳ ಎಂ.ಎಸ್‌ಸಿ. ವ್ಯಾಸಂಗವುಂಟು; ಶಿಶುಶುಶ್ರೂಷೆ ಅದರಲ್ಲೊಂದು ಶಾಖೆ. ಬೋಧನಕ್ರಮ, ಸಂಶೋಧನೆ, ವಾರ್ಡಿನ ಆಡಳಿತ ಇವೆಲ್ಲ ಅದರ ಪಾಠ್ಯವಿಷಯಗಳು. 1947ರ ಶುಶ್ರೂಷಾ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ 2023ರಲ್ಲಿ ರಾಷ್ಟ್ರೀಯ ಆಯೋಗದ ಕಾಯಿದೆಯೂ ಅಂಗೀಕೃತವಾಯಿತು. ಕಿರಿಯ ದಾದಿಯರನ್ನು ತಿದ್ದಿ ನಡೆಸುವ ನಾಯಕಿಯರು ಈ ವ್ಯಾಸಂಗದಿಂದಲೇ ಬರಬೇಕು.

ಆದರೆ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ತಾಯಿಯ ಪ್ರಶ್ನೆ ಕಲಬುರಗಿಯ ಕನ್ನಡದಲ್ಲಿ, ಇಲ್ಲವೆ ದಖನಿಯಲ್ಲಿ. 'ಶುಶ್ರೂಷಾ' ಎಂಬುದು 'ಶ್ರು' ಧಾತುವಿನ ಸನ್ನಂತರೂಪ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ, ಸೇವೆಯೆಂಬುದು ಆಮೇಲಿನ ಅರ್ಥ. ಕೇಳಿಸಿಕೊಂಡ ಮೇಲೆ ಉತ್ತರಿಸಲು ನುಡಿ ಬೇಡವೆ? ಆ ನುಡಿಯನ್ನು ಒದಗಿಸುವ ಹೊಣೆ ಸಾಹಿತ್ಯದ ಅಧ್ಯಾಪಕರದೂ ಹೌದೆಂದು ನನ್ನ ಮತ. 'ಯಾಪ್ಯ'ವು ಪಠ್ಯಪುಸ್ತಕಕ್ಕೆ ಸಾಕು. ಕಮಲಾಪುರದ ತಾಯಿಗೆ ಸಾಲದು. ಆಕೆಗೆ 'ಜೋಪಾನದ ಬ್ಯಾನಿ' ಎನ್ನಬಹುದೇನೋ. ಇದಕ್ಕಿಂತ ಒಳ್ಳೆಯ ಮಾತನ್ನು ಬಲ್ಲ ವಿದ್ವಾಂಸರು ಈ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಪ್ರಾರ್ಥನೆ.