ಕಾಕಾನ ಜೀಪು ಗುಜರಿಗೆ ಹೋಗಬೇಕಾ? ಡೆಟ್ರಾಯ್ಟ್‌ನಿಂದ ಹೊಳೆಆಲೂರಿನವರೆಗೆ ಒಂದು ಲೆಕ್ಕ

ಹೊಳೆಆಲೂರಿನ ನಮ್ಮ ಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ ಒಂದು ಜೀಪು ನಿಂತಿದೆ. 1972ರ ಮಾಡೆಲ್. ಸರ್ಕಾರಿ ಹರಾಜಿನಲ್ಲಿ ನಮ್ಮ ಕಾಕಾ ಹಿಡಿದದ್ದು. ಎರಿ ಹೊಲದಲ್ಲಿ ಮಳೆ ಬಿದ್ದರೆ ಟ್ರ್ಯಾಕ್ಟರ್ ಬಿಟ್ಟು ಹೋಗಿಬರುತ್ತಿದ್ದ ಗಾಡಿ ಅದೊಂದೇ. ಉಳ್ಳಾಗಡ್ಡಿ ಚೀಲ, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಮದುಮಗ, ಎಲ್ಲರನ್ನೂ ಹೊತ್ತಿದೆ.

ಮೊನ್ನೆ ಊರಿಗೆ ಹೋದಾಗ ಗುಜರಿಯವನೊಬ್ಬ ಬಂದು ರೇಟು ಹೇಳಿ ಹೋಗಿದ್ದ. ಕಾಕಾ ನನ್ನನ್ನು ಕೂರಿಸಿಕೊಂಡು ಕೇಳಿದರು: “ತಮ್ಮಾ, ನೀ ಬೆಂಗಳೂರಾಗ ಇದನ್ನ ಓದಕೋತ, ಬರಕೋತ ಇರ್ತಿ. ಹದಿನೈದು ವರ್ಷ ಆದ ಗಾಡಿ ಎಲ್ಲಾ ಮುರಿಬೇಕು ಅಂತ ಕಾನೂನು ಬಂದೈತಂತ. ಖರೇನ?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ ಆ ಪ್ರಶ್ನೆ ಅಮೆರಿಕದವರೆಗೂ ಕರೆದೊಯ್ದಿತು. ಹಳೇ ಅಮೆರಿಕನ್ ಕಾರುಗಳ ಮೇಲೆ ಜಗತ್ತಿನಾದ್ಯಂತ ಜನರಿಗೆ ಇರುವ ಹುಚ್ಚು, ಆ ಉದ್ಯಮ ಕುಸಿದ ಬಗ್ಗೆ ಇರುವ ಕೊರಗು, ಎರಡೂ ಆ ಶೆಡ್ಡಿನಲ್ಲೇ ಇವೆ.

ಜೀಪಿನ ಪಾಸ್‌ಪೋರ್ಟ್

ಕಾಕಾನ ಜೀಪಿನ ಮೇಲೆ ಮಹೀಂದ್ರಾ ಹೆಸರಿದೆ. ಆದರೆ ಅದರ ಮೂಲ ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ. ಎರಡನೇ ಮಹಾಯುದ್ಧಕ್ಕೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೆಂದು ಅಮೆರಿಕದ ಸೇನೆ ಕೇಳಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪನಿ 1940ರಲ್ಲಿ ಮೊದಲ ಮಾದರಿ ಮಾಡಿಕೊಟ್ಟಿತು. ದೊಡ್ಡ ಆರ್ಡರ್ ಮಾತ್ರ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮೊದಲು ಬಿಡಿಭಾಗ ತರಿಸಿ ಜೋಡಿಸುವುದು, ಆಮೇಲೆ ಒಂದೊಂದೇ ಭಾಗವನ್ನು ಇಲ್ಲೇ ತಯಾರಿಸುವುದು. ಹೀಗೆ ಕಲಿತದ್ದು.

ಅತ್ತ ಮೂಲ ಕಂಪನಿಯ ಕತೆ ನೋಡಿ. ವಿಲ್ಲಿಸ್ ಅನ್ನು 1953ರಲ್ಲಿ ಕೈಸರ್ ಕೊಂಡಿತು. 1970ರಲ್ಲಿ ಜೀಪು ಅಮೆರಿಕನ್ ಮೋಟಾರ್ಸ್‌ಗೆ ಹೋಯಿತು, 1987ರಲ್ಲಿ ಕ್ರೈಸ್ಲರ್‌ಗೆ. ಕ್ರೈಸ್ಲರ್ ಕೈ ಬದಲಾಯಿಸುತ್ತಾ ಹೋಗಿ, 2021ರಿಂದ ಜೀಪು ಸ್ಟೆಲಾಂಟಿಸ್ ಎಂಬ ಯುರೋಪಿನ ಕಂಪನಿಯದು. ಇದೇ ವಂಶದ ರಾಕ್ಸರ್ ಎಂಬ ಗಾಡಿಯನ್ನು ಮಹೀಂದ್ರಾ ಡೆಟ್ರಾಯ್ಟ್ ಪಕ್ಕದಲ್ಲೇ ಮಾಡಿ ಮಾರಹೊರಟಾಗ, ಅದು ಜೀಪಿನ ರೂಪದ ನಕಲು ಎಂದು 2020ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ತೀರ್ಪು ಕೊಟ್ಟಿತು. ಮಹೀಂದ್ರಾ ಅದರ ಮುಖ ಬದಲಿಸಬೇಕಾಯಿತು. ಹೆಸರು, ರೂಪ ಯಾರ ಸ್ವತ್ತು ಅನ್ನೋದಕ್ಕೆ ಕೋರ್ಟು ಇದೆ. ಮಾಡೋ ವಿದ್ಯೆ ಮಾತ್ರ ಕಲಿತವರದ್ದೇ.

ಮೈಸೂರಿಗೆ ತಪ್ಪಿದ ಕಾರು

ಈ ವಿದ್ಯೆ ಕರ್ನಾಟಕಕ್ಕೆ ಇನ್ನೂ ಮೊದಲೇ ಬರಬಹುದಿತ್ತು. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿ ಕ್ರೈಸ್ಲರ್ ಜೊತೆ ಮಾತುಕತೆ ನಡೆಸಿದರು. ಮುಂಬೈಯ ಕಾಂಗ್ರೆಸ್ ಸರ್ಕಾರ ಒಲವು ತೋರಿತ್ತು, ಆದರೆ ಅದು 1939ರಲ್ಲಿ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಬೆಂಬಲಕ್ಕೆ ಬಂದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಯೋಜನೆ ಬಿದ್ದಿತು.

ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಅದೇ ಇವತ್ತಿನ ಎಚ್ಎಎಲ್. ಕಾರಿನ ಕನಸು ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಆಯಿತು. ಅಲ್ಲಿ ಕ್ರೈಸ್ಲರ್‌ನ ಡಾಡ್ಜ್, ಪ್ಲಿಮತ್ ಜೋಡಣೆಯಾದವು. ಅಂದರೆ ಯಾವ ಊರಿನ ಹುಡುಗರು ಯಾವ ಕೆಲಸ ಕಲಿಯುತ್ತಾರೆ ಅನ್ನೋದನ್ನು ಬರೀ ಮಾರುಕಟ್ಟೆ ತೀರ್ಮಾನ ಮಾಡಲ್ಲ. ಅದು ಅವತ್ತೂ ರಾಜಕೀಯ, ಇವತ್ತೂ ರಾಜಕೀಯ.

ಡೆಟ್ರಾಯ್ಟ್ ಯಾಕೆ ಬಿತ್ತು?

1950ರಲ್ಲಿ ಡೆಟ್ರಾಯ್ಟ್ ನಗರದ ಜನಸಂಖ್ಯೆ 18 ಲಕ್ಷಕ್ಕೂ ಹೆಚ್ಚು. 2020ರಲ್ಲಿ ಸುಮಾರು 6.4 ಲಕ್ಷ. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿ, ಸರ್ಕಾರದ ದುಡ್ಡಿನಿಂದ ಬದುಕಿಕೊಂಡವು. 2013ರಲ್ಲಿ ನಗರಾಡಳಿತವೇ ದಿವಾಳಿ ಘೋಷಿಸಿತು.

“ಯೂನಿಯನ್‌ಗಳೇ ಹಾಳು ಮಾಡಿದ್ವು” ಅನ್ನೋ ಮಾತು ನಮ್ಮಲ್ಲೂ ಓಡಾಡುತ್ತೆ. ಆದರೆ ಯೂನಿಯನ್‌ಗಳು ಬಲವಾಗಿದ್ದ ಜರ್ಮನಿಯಲ್ಲಿ ಅದೇ ಕಾಲದಲ್ಲಿ ಕಾರು ಉದ್ಯಮ ಬೆಳೆಯಿತು. ಕಾರಣಗಳು ಬೇರೆಯೂ ಇದ್ದವು. ಯುದ್ಧದ ನಂತರ ಕಂಪನಿಗಳು ಹೊಸ ಕಾರ್ಖಾನೆಗಳನ್ನು ನಗರದ ಹೊರಗೆ, ಯೂನಿಯನ್ ದುರ್ಬಲವಿದ್ದ ದಕ್ಷಿಣದ ರಾಜ್ಯಗಳಿಗೆ ಒಯ್ದವು. ಬಿಳಿಯರು ನಗರ ಬಿಟ್ಟರು, ಕಪ್ಪು ಕಾರ್ಮಿಕರು ಕೆಲಸವಿಲ್ಲದ ಊರಿನಲ್ಲಿ ಉಳಿದರು. 1973ರಲ್ಲಿ ತೈಲದ ಬೆಲೆ ಏರಿದಾಗ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ಕಾರು ತಯಾರಿದ್ದವು. ಅಮೆರಿಕದ ಕಂಪನಿಗಳು ಲಾಭ ಹೆಚ್ಚು ಅಂತ ದೊಡ್ಡ ಗಾಡಿಗಳಿಗೇ ಅಂಟಿಕೊಂಡಿದ್ದವು.

ಹಾಗಾಗಿ ಐವತ್ತರ ದಶಕದ ಉದ್ದ ಬಾಲದ ಕ್ಯಾಡಿಲಾಕ್ ನೋಡಿ ಅಮೆರಿಕದ ಮುದುಕನೊಬ್ಬ ನಿಟ್ಟುಸಿರು ಬಿಟ್ಟರೆ ಅದು ಬರೀ ಕ್ರೋಮಿನ ಮೋಹ ಅಲ್ಲ. 1936-37ರಲ್ಲಿ ಫ್ಲಿಂಟ್ ನಗರದ ಕಾರ್ಮಿಕರು 44 ದಿನ ಕಾರ್ಖಾನೆಯೊಳಗೇ ಕೂತು ಯೂನಿಯನ್ನಿಗೆ ಮಾನ್ಯತೆ ಗಿಟ್ಟಿಸಿದ್ದರು. ಕಾರು ಮಾಡುವವನೇ ಕಾರು ಕೊಳ್ಳಬಹುದಾದ ಸಂಬಳ ಅಂಥ ಹೋರಾಟಗಳಿಂದ ಬಂತು. ಜನ ಕೊರಗೋದು ಆ ಬದುಕಿಗೆ.

ನಾವು ಇದನ್ನು ದೂರದ ಕತೆ ಅಂದುಕೊಳ್ಳೋ ಹಾಗಿಲ್ಲ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್, ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು ಎಂದು ಹೇಳಿ ಇಲ್ಲಿ ಕಾರು ತಯಾರಿಕೆ ಮುಗಿಸುವುದಾಗಿ ಘೋಷಿಸಿತು. ಸುಮಾರು 4,000 ನೌಕರರ ಕೆಲಸಕ್ಕೆ ಕುತ್ತು ಬಂತು. ಭೂಮಿ, ತೆರಿಗೆ ರಿಯಾಯಿತಿ ಕೊಟ್ಟು ಕರೆಯುವಾಗ ಫೋಟೊ ತೆಗೆಸಿಕೊಳ್ಳೋ ಸರ್ಕಾರಗಳು, ಬಿಟ್ಟು ಹೋಗುವಾಗಿನ ಷರತ್ತುಗಳ ಬಗ್ಗೆ ಮಾತಾಡೋದು ಕಡಿಮೆ.

ಕಾನೂನು ಏನನ್ನುತ್ತೆ?

ಈಗ ಕಾಕಾನ ಪ್ರಶ್ನೆಗೆ ಬರೋಣ. ಕರ್ನಾಟಕದಲ್ಲಿ ಖಾಸಗಿ ಗಾಡಿಗೆ 15 ವರ್ಷ ಆದ ಮಾತ್ರಕ್ಕೆ ಅದನ್ನು ಮುರಿಯಬೇಕಿಲ್ಲ. ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ದಿಲ್ಲಿಯ ಕಟ್ಟುನಿಟ್ಟಿನ ಸುದ್ದಿ ಕೇಳಿ ನಮ್ಮವರು ಹೆದರಿದ್ದಾರೆ. ಆದರೆ ಖರ್ಚು ಏರಿದೆ: ಕಾರು, ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ತೀರಾ ಹಳೆಯವಕ್ಕೆ ಆಮೇಲೆ ಇನ್ನೂ ಹೆಚ್ಚಿಸಲಾಗಿದೆ.

ಇನ್ನೊಂದು ದಾರಿ ವಿಂಟೇಜ್ ನೋಂದಣಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ ವಿಶೇಷ ನಂಬರು ಪಡೆಯಬಹುದು. ವಯಸ್ಸಿನ ಲೆಕ್ಕದಲ್ಲಿ ಕಾಕಾನ ಜೀಪು ಪಾಸು. ಆದರೆ ಎರಡು ಷರತ್ತಿವೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಬದಲಾಗಿರಬಾರದು. ಮತ್ತೆ ಅದನ್ನು ಪ್ರದರ್ಶನ, ರ್‍ಯಾಲಿ, ಇಂಧನ, ರಿಪೇರಿ ಇಂಥವಕ್ಕೆ ಬಿಟ್ಟು ರಸ್ತೆಗಿಳಿಸುವಂತಿಲ್ಲ.

ನಮ್ಮ ಜೀಪಿನ ಪೆಟ್ರೋಲ್ ಎಂಜಿನ್ ಖರ್ಚು ತಾಳಲಾರದೆ ಗದಗಿನ ಮಿಸ್ತ್ರಿಯೊಬ್ಬರು ಬಹಳ ಹಿಂದೆಯೇ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಆಗಿನ ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ಇದು ಸಾಮಾನ್ಯ. ಅಳತೆ ಹೊಂದಿಸಿ, ಹೊಸ ಬ್ರಾಕೆಟ್ ಬೆಸೆದು, ಗೇರ್‌ಬಾಕ್ಸ್‌ಗೆ ಜೋಡಿಸಿದ ಆ ಕೈಯ ಜಾಣತನವೇ ಜೀಪನ್ನು ಐವತ್ತು ವರ್ಷ ದಾಟಿಸಿತು. ನಿಯಮದ ಕಣ್ಣಿಗೆ ಅದೇ ಅನರ್ಹತೆ. ಒರೆಸಿ ಇಟ್ಟುಕೊಂಡವರ ಗಾಡಿ ಪರಂಪರೆ, ದುಡಿಸಿಕೊಂಡವರ ಗಾಡಿ ಗುಜರಿ. ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹ ನಾನೂ ಬೆರಗಿನಿಂದ ನೋಡಿದ್ದೇನೆ, ಅಂಥವು ಇರಬೇಕು. ಆದರೆ ಉಳಿಸಬೇಕಾದದ್ದು ಅಷ್ಟೇನಾ?

ಹೊಗೆಯ ಪ್ರಶ್ನೆ ನಿಜ. ಹಳೇ ಡೀಸೆಲ್ ಎಂಜಿನ್ ಹೊಗೆ ಕಕ್ಕುತ್ತೆ, ಅದಕ್ಕೆ ವಿನಾಯಿತಿ ಕೇಳೋದು ತಪ್ಪು. ತಪಾಸಣೆಯಲ್ಲಿ ಫೇಲಾದರೆ ರಸ್ತೆಗಿಳಿಯಬಾರದು. ನಾನು ಕೇಳೋದು ಇಷ್ಟೇ. ರಿಯಾಯಿತಿ ಪಡೆದ ಕಂಪನಿ ಹೊರಡುವಾಗ ಕಾರ್ಮಿಕರಿಗೆ, ಬಿಡಿಭಾಗಗಳಿಗೆ ಜವಾಬ್ದಾರಿ ಹೊರುವಂತೆ ಒಪ್ಪಂದದಲ್ಲೇ ಬರೆಯಿರಿ. ರಿಪೇರಿ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಪೋರ್ಟಲ್ ಮಾಡಿತು, ಅದನ್ನು ಕಾನೂನು ಮಾಡಿ. ಸಣ್ಣ ಊರಿನ ಮಿಸ್ತ್ರಿಗಳಿಗೆ ವಿದ್ಯುತ್ ಗಾಡಿಯ ಕೆಲಸ ಕಲಿಯಲು ಐಟಿಐಗಳ ಬಾಗಿಲು ತೆರೆಯಿರಿ. ಇಲ್ಲದಿದ್ದರೆ ಮುಂದಿನ ಗಾಡಿಯ ಬಾನೆಟ್ ತೆರೆಯಲು ಗದಗಿನಲ್ಲೂ ಯಾರೂ ಇರಲ್ಲ.

ಇದನ್ನೆಲ್ಲ ಕಾಕಾಗೆ ಫೋನಿನಲ್ಲಿ ಹೇಳಿದೆ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ಸರಿಯಾಗಿ ದಾಖಲಾಗಿದೆಯಾ ನೋಡಿ, ಆಮೇಲೆ ತಪಾಸಣೆಗೆ ಒಯ್ಯೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹೊಗಿ ಜಾಸ್ತಿ ಬಂದ್ರ?”

“ಆಗ ಮಿಸ್ತ್ರಿನ್ನ ಕರೀಬೇಕ್ರಿ ಕಾಕಾ.”

“ಅಂವಗ ಎಪ್ಪತ್ತು ದಾಟೇತಿ. ಮಗಾ ಬೆಂಗಳೂರಾಗ ಡೆಲಿವರಿ ಕೆಲಸಾ ಮಾಡ್ತಾನ,” ಅಂದರು ಕಾಕಾ. “ಆದ್ರೂ ಕೇಳ್ತೀನಿ, ತಡಿ.”