ಶಿರಾ ಗೇಟಿಗೆ ಬಂದ ಹೊಸ ಗಣಕ

ತುಮಕೂರಿನ ಶಿರಾ ಗೇಟಿನಲ್ಲಿರುವ ನಮ್ಮ ಮನೆಗೆ ಕಳೆದ ವಾರ ಒಂದು ಲ್ಯಾಪ್‌ಟಾಪು ಬಂದಿತು. ಮೇಷ್ಟರಾಗಿದ್ದು ನಿವೃತ್ತನಾದವನು ಇದಕ್ಕೆ 50,000 ರೂಪಾಯಿಗಳನ್ನು ಸುರಿಯುವುದು ವಿವೇಕವೇ ಎಂದು ಮನೆಯಾಕೆ ಕೇಳಿದ್ದುಂಟು. ಆದರೆ ನನಗೊಂದು ಕಾರಣವಿತ್ತು. ನನ್ನ ತಾಯಿಯವರು ಹರೆಯದಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಸೋಬಾನೆ ಪದಗಳ ಪುಸ್ತಕವೊಂದು ನಮ್ಮಲ್ಲಿದೆ. ಅದರ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಮಾಸುತ್ತಿವೆ. ತಾಯಿಯವರಿಗೆ ಈಗ 82 ವರ್ಷ. ಮಾಸಿದ್ದನ್ನು ಅವರು ಹೇಳಿಕೊಡಬಲ್ಲ ಕಾಲದಲ್ಲಿಯೇ ಪ್ರತಿಮಾಡಿಕೊಳ್ಳಬೇಕು.

ಯಂತ್ರವೇನೋ ಲಕ್ಷಣವಾಗಿದೆ. 15.6 ಅಂಗುಲದ ತೆರೆಗೆ ಹೊಳಪಿಲ್ಲವಾದ್ದರಿಂದ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಗುಂಡಿಯೊತ್ತಿ ಇಪ್ಪತ್ತು ಎಣಿಸುವಷ್ಟರಲ್ಲಿ ಎಚ್ಚರಗೊಳ್ಳುತ್ತದೆ. ಹಳೆಯ ಗಣಕಗಳಲ್ಲಿದ್ದ ತಿರುಗುವ ತಟ್ಟೆಯ ಬದಲು ಇದರಲ್ಲಿ ಚಲನೆಯೇ ಇಲ್ಲದ ಎಸ್‌ಎಸ್‌ಡಿ ಇರುವುದು ಈ ಚುರುಕಿಗೆ ಕಾರಣ. ಡಬ್ಬಿಯ ಮೇಲೆ 512 ಜಿಬಿ ಎಂದಿದ್ದರೆ ತೆರೆಯ ಮೇಲೆ ಕಂಡದ್ದು 476! ಮೋಸಹೋದೆನೆಂದು ಬೆಚ್ಚಿದೆ. ವಿಚಾರಿಸಲಾಗಿ, ತಯಾರಕರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಒಂದೇ ರಾಶಿ ರಾಗಿಯನ್ನು ಎರಡು ಬಗೆಯ ಸೇರಿನಲ್ಲಿ ಅಳೆದಂತೆ. ನಿಜವಾದ ಕೊರತೆಯೆಂದರೆ ಬ್ಯಾಟರಿಯದು: ಹೇಳಿದ್ದು ಎಂಟು ಗಂಟೆ, ದೊರೆತದ್ದು ಐದು.

ಎಲ್ಲಕ್ಕಿಂತ ಎದೆಗುಂದಿಸಿದ್ದು ಬೇರೊಂದು. ಗುಂಡಿಗಳ ಮೇಲೆ ಒಂದಾದರೂ ಕನ್ನಡ ಅಕ್ಷರವಿರಲಿಲ್ಲ! ನೆರೆಮನೆಯ ಕಾಲೇಜು ಹುಡುಗ ನಕ್ಕು, “ಕನ್ನಡ ಒಳಗೇ ಇದೆ ಮೇಷ್ಟ್ರೇ, ನಾವು ಕರೆದರೆ ಬರುತ್ತೆ” ಎಂದು ಭಾಷೆಗಳ ಪಟ್ಟಿಯನ್ನು ತೆರೆದು ಕನ್ನಡವನ್ನು ಸೇರಿಸಿಕೊಟ್ಟ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಅಕ್ಷರಗಳಿಗೆ ತಮ್ಮದೇ ಆದ ಸಂಖ್ಯೆಗಳು ದೊರೆತಿವೆ. ಆದ್ದರಿಂದಲೇ ಇಲ್ಲಿ ಬರೆದದ್ದು ಬೇರೆ ಊರಿನ ಯಂತ್ರದಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ.

ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ಕ್ರಮದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ‘ತುಮಕೂರು’ ಎಂದು ಬರೆಯಲು ಏಳು ಒತ್ತುಗಳು ಸಾಕು. ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಅರ್ಧಾಕ್ಷರದ ಚಿಹ್ನೆಯನ್ನು ಒತ್ತಿದರಾಯಿತು. ನಾನು ಕಾಗದದ ಚೂರುಗಳ ಮೇಲೆ ಅಕ್ಷರ ಬರೆದು ಗುಂಡಿಗಳಿಗೆ ಅಂಟಿಸಿಕೊಂಡೆ. ಹೊಸ ಯಂತ್ರದ ಅಂದ ಕೆಟ್ಟಿತು, ಕೆಲಸ ಸಾಗಿತು.

ಮೊದಲ ಪದ ಮುಗಿದ ಸಂಜೆ ತಾಯಿಯವರು ತೆರೆಯನ್ನು ದಿಟ್ಟಿಸಿ, “ಕರೆಂಟು ಹೋದರೆ ಹಾಡೂ ಹೋಗುತ್ತೇನೋ?” ಎಂದರು. ಇಲ್ಲವೆಂದೆ. “ಇದೇ ಕೆಟ್ಟುಹೋದರೆ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದೆ, ಕಾಗದದ ಮೇಲೆ ಇನ್ನೊಂದನ್ನು ಮುದ್ರಿಸಿ ಅವರ ಕೈಗಿತ್ತೆ.

ಅವರು ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಓದಿ, ಮೂರನೆಯ ಸಾಲಿನಲ್ಲಿ ಒಂದು ತಪ್ಪನ್ನು ಹಿಡಿದರು. ಮಾಸಿದ್ದ ಆ ಮಾತನ್ನು ನಾನು ಊಹೆಯಿಂದ ತುಂಬಿಸಿದ್ದೆ.